ಅಕ್ಕ ಬರೆಸಬೇಕೆಂದಿದ್ದ ಕಾಗದ

ಅಕ್ಕ ನೀಲವ್ವ ಸಾಯುವ ಮೊದಲು ನನ್ನಿಂದ ಕೇಳಿದ್ದು ಒಂದೇ ಕೆಲಸ. ಅದನ್ನು ನಾನು ಮಾಡಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಾತು ಸುತ್ತಿ ಬಳಸಿ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತದೆ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಹೋದ ವಾರ ಅಲ್ಲಿನ ಮೇಜಿನ ಖಾನೆ ಜಾಡಿಸುವಾಗ ಫೋಟೋ ಸ್ಟುಡಿಯೋದ ಸಣ್ಣ ಲಕೋಟೆ ಸಿಕ್ಕಿತು. ಹಿಟ್ಟು ಒರೆಸಿ ನೋಡಿದರೆ ಒಳಗೆ ಅಕ್ಕನ ಎಂಟು ಫೋಟೋ. ಎಂಟರಲ್ಲಿ ಒಂದೂ ಖರ್ಚಾಗಿರಲಿಲ್ಲ. ತಲೆ ನೀಟಾಗಿ ಬಾಚಿತ್ತು, ಸೆರಗು ನೆಟ್ಟಗಿತ್ತು. ಅದು ಮಾಬವ್ವನ ಕೈಕೆಲಸ.

ಮಾಬವ್ವ ಯಾರೆಂದು ಹೇಳಬೇಕು. ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಎರಡು ಖೋಲಿಯ ಮನೆ ಕಟ್ಟಿಸಿದಳು. ಮೂವತ್ತು ವರ್ಷ ಅವಳ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸಿದವಳು ಮಾಬವ್ವ. ತನ್ನ ಮನೆಯವರೆಲ್ಲ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದಳು. ಅಕ್ಕ ಬಿದ್ದು ಸೊಂಟ ಮುರಿದುಕೊಂಡಾಗ ಎತ್ತಿ ಇಳಿಸಿ ಮೈ ತೊಳೆದವಳು ಅವಳೇ. ಒಡಹುಟ್ಟಿದ ನಾನು ತಿಂಗಳಿಗೊಮ್ಮೆ ಬಾಳೆಹಣ್ಣು ಹಿಡಿದು ಹೋಗಿ, ಚಹಾ ಕುಡಿದು ಬರುತ್ತಿದ್ದೆ.

ಹಾಗೆ ಹೋದಾಗೊಮ್ಮೆ ಅಕ್ಕ ಮಾಬವ್ವನನ್ನು ತೋರಿಸಿ ಹೇಳಿದಳು: "ತಮ್ಮಾ, ನಾ ಹೋದ ಮ್ಯಾಲೆ ಈಕಿನ್ನ ಯಾರೂ ಹೊರಗ ಹಾಕಬಾರ್ದು. ಮನಿ ಈಕಿಗೆ ಅಂತ ಒಂದ್ ಕಾಗದ ಬರಸು. ನೀ ಮುಂದ ನಿಂತ್ರ ನಾ ಹೆಬ್ಬೆಟ್ಟ ಒತ್ತತೇನಿ."

"ಬಿಡ್ತು ಅನ್ನು ಅಕ್ಕಾ" ಎಂದೆ.

"ಬಿಡ್ತು ಅಂದ್ರ ಯಮ ಬಿಟ್ಟ ಹೋಗ್ತಾನೇನೋ? ಹಂಗಿದ್ರ ನಮ್ಮೂರಾಗ ಒಬ್ರೂ ಸಾಯ್ತಿರಲಿಲ್ಲ."

ನಮ್ಮಲ್ಲಿ ಇದೊಂದು ರೂಢಿ. ಯಾರಾದರೂ ಸಾವಿನ ಮಾತು ತೆಗೆದರೆ ಬಿಡ್ತು ಅನ್ನಿಸಿ ಬಾಯಿ ಮುಚ್ಚಿಸುತ್ತೇವೆ. ಆದರೆ ನಮ್ಮಪ್ಪ ಹಲಗೇರಿಯ ಹೊಲದ ಬದುವಿನಲ್ಲಿ ನಿಂತು, ನನ್ನನ್ನು ಈ ಬೇವಿನ ಬುಡಕ್ಕೇ ಹೂಳಬೇಕು ಎಂದಾಗ ನಾವೆಲ್ಲ ಕೈ ಕಟ್ಟಿ ಹೂಂ ಅಂದಿದ್ದೆವು. ಅಪ್ಪನಿಗೆ ಬಿಡ್ತು ಅನ್ನು ಎನ್ನುವ ಧೈರ್ಯ ಯಾರಿಗಿತ್ತು? ಆ ಮಾತು ಅಕ್ಕನಂಥವರಿಗೆ ಮಾತ್ರ.

ಆಮೇಲೆ ಅಕ್ಕ ಕೇಳಿದಾಗಲೆಲ್ಲ ನನ್ನ ಹತ್ತಿರ ಒಂದು ನೆಪ ತಯಾರಿರುತ್ತಿತ್ತು. ಒಮ್ಮೆ ಯುಗಾದಿ ಮುಗಿಯಲಿ ಎಂದೆ, ಒಮ್ಮೆ ಆಷಾಢ ಎಂದೆ, ಇನ್ನೊಮ್ಮೆ ಗಿರಣಿಯ ಬೆಲ್ಟ್ ಹರಿದಿದೆ ಎಂದೆ. ಕಾದು ಕಾದು ಅಕ್ಕ ತಾನೇ ಆಟೋದಲ್ಲಿ ಹೋಗಿ ಫೋಟೋ ತೆಗೆಸಿ, ನೋಂದಣಿ ಕಚೇರಿಯಲ್ಲಿ ಬೇಕಾಗುತ್ತದೆ ಇಟ್ಟುಕೋ ಎಂದು ನನ್ನ ಕೈಗೆ ಕೊಟ್ಟಳು. ನಾನು ಅವನ್ನು ಖಾನೆಗೆ ಹಾಕಿದೆ.

ಒಂದು ಬೆಳಿಗ್ಗೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗಡೆಯ ಮೈ ಹೋಯಿತು, ಮಾತು ಹೋಯಿತು. ಹಾವೇರಿಯ ಆಸ್ಪತ್ರೆಯಲ್ಲಿ ನನ್ನನ್ನು ಕಂಡಾಗಲೆಲ್ಲ ಎಡಗೈ ಹೆಬ್ಬೆರಳನ್ನು ಹಾಸಿಗೆಗೆ ಒತ್ತುವಳು, ಎತ್ತುವಳು, ಮತ್ತೆ ಒತ್ತುವಳು. ನೀರು ಬೇಕೇನಕ್ಕಾ ಎಂದೆ.

ಹಿಂದೆ ನಿಂತಿದ್ದ ಮಾಬವ್ವ ಮೆಲ್ಲಗೆ ಹೇಳಿದಳು: "ನೀರಲ್ರಿ ಅಣ್ಣಾರ. ನಿಮಗ ತಿಳದೈತಿ."

ತಿಳಿದಿತ್ತು. ಆದರೂ ಲೋಟ ತರಲು ಹೋದೆ. ಮೂರನೆಯ ದಿನ ಅಕ್ಕ ತೀರಿಕೊಂಡಳು.

ದಿನಕರ್ಮ ಮುಗಿದ ವಾರದಲ್ಲೇ ಅಕ್ಕನ ಗಂಡನ ಅಣ್ಣನ ಮಕ್ಕಳು ಕರ್ಜಗಿಯಿಂದ ಬಂದು ಮನೆ ತಮ್ಮದೆಂದರು. ನಾನು ಹಾವೇರಿಯಲ್ಲಿ ಆಸ್ತಿ ಪತ್ರ ಬರೆಯುವವರೊಬ್ಬರನ್ನು ಕೇಳಲು ಓಡಿದೆ. ಮಾಬವ್ವನಿಗಾಗಿ ಹೋದೆ ಎಂದು ಬರೆಯಲು ಆಸೆಯಿದೆ. ಆದರೆ ಹೋದದ್ದು ನನಗೇನಾದರೂ ಬರುತ್ತದೆಯೇ ಎಂದು ಕೇಳಲು. ಮಕ್ಕಳಿಲ್ಲದ ವಿಧವೆ ವಿಲ್ ಬರೆಯದೆ ಹೋದರೆ ಇಂಥ ಮನೆ ಗಂಡನ ಕಡೆಯವರಿಗೆ, ತಮ್ಮನಿಗೆ ಏನೂ ಇಲ್ಲ ಎಂದರು ಅವರು. ಆಮೇಲೆ ಕನ್ನಡಕ ತೆಗೆದು ಇನ್ನೊಂದು ಮಾತು ಹೇಳಿದರು: "ವಿಲ್ ಬರಿಯಾಕ ಕಚೇರಿಗೇ ಬರಬೇಕಂತಿಲ್ರಿ. ಮನ್ಯಾಗ ಬಿಳಿ ಹಾಳಿ ಮ್ಯಾಲೆ ಬರದು, ಹೆಬ್ಬೆಟ್ಟ ಒತ್ತಿಸಿ, ಇಬ್ರು ಸಾಕ್ಷಿ ಮುಂದ ನಿಂತು ಸಹಿ ಹಾಕಿದ್ರೂ ನಡೀತಿತ್ತ."

ನಾನು ಐದನೇ ಇಯತ್ತೆ ಕಲಿತವನು. ಆ ನಾಲ್ಕು ಸಾಲು ನನಗೇ ಬರೆಯಲು ಬರುತ್ತಿತ್ತು.

ಮಾಬವ್ವ ಒಂದು ಟ್ರಂಕು ಹೊತ್ತುಕೊಂಡು ಕಾಗಿನೆಲೆಯಲ್ಲಿರುವ ತಂಗಿಯ ಮಗಳ ಮನೆಗೆ ಹೋದಳು.

ಫೋಟೋ ಸಿಕ್ಕ ಮರುದಿನ ನಾನು ಕಾಗಿನೆಲೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಮಜಾಯಿಷಿಗಳನ್ನೇ ಬಾಯಿಪಾಠ ಮಾಡಿದೆ. ತಂಗಿಯ ಮಗಳ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳ ಸಂದಿಯಲ್ಲಿ ಮಾಬವ್ವನ ಚಾಪೆ. ಅದನ್ನೇ ಸರಿಸಿ ನನಗೆ ಜಾಗ ಮಾಡಿದಳು. ಬರ್ರಿ ಅಣ್ಣಾರ, ಕುಂದ್ರಿ ಎಂದು ಚಹಾ ಕೊಟ್ಟಳು. ನಾನು ಬಸಿಗೆ ಸುರಿದುಕೊಳ್ಳುತ್ತಿದ್ದಾಗ ಕೇಳಿದಳು:

"ಗಿರಣಿ ಬೆಲ್ಟ್ ರಿಪೇರಿ ಆತೇನ್ರಿ?"

ಬಾಯಿಪಾಠವೆಲ್ಲ ಅಲ್ಲಿಗೆ ಮರೆತುಹೋಯಿತು. ಬಸಿ ಕೆಳಗಿಟ್ಟೆ.

"ಮಾಬವ್ವಾ, ಅಕ್ಕನ ಸಾವಿಗೆ ಅಂಜಿ ಕಾಗದ ಬರಸಲಿಲ್ಲ ಅಂತ ಎಲ್ಲಾರ ಮುಂದ ಹೇಳೇನಿ. ಅದು ಸುಳ್ಳ. ಮನಿ ನಿನಗ ಹೋಗತೈತಿ ಅಂತ ಹೊಟ್ಟಿ ಉರದು ಬರಸಲಿಲ್ಲ. ಅಕ್ಕಗ ಹೇಳಾಕ ಆಗಲಿಲ್ಲ, ನಿನಗ ಹೇಳತೇನಿ. ನಂದು ತಪ್ಪಾತು."