ದೊಡ್ಡಳಿಯನ ಟಾಪ್ ಲಿಂಕ್

ಹೊಟ್ಟೆಕಿಚ್ಚಿಗೆ ಔಷಧಿ ಅಂತ ಒಂದಿದ್ದಿದ್ದರೆ ದೊಡ್ಡಳಿಯನ ಹೆಂಡತಿ ಎಂದೋ ತಂದು ಅವನ ಕಾಫಿಗೆ ಬೆರೆಸಿರುತ್ತಿದ್ದಳು. ಮನುಷ್ಯ ಕೆಟ್ಟವನಲ್ಲ. ಸ್ವಂತ ವೆಲ್ಡಿಂಗ್ ಅಂಗಡಿ, ಪಳಗಿದ ಕೈ, ಯಾರಿಗೂ ಕೇಡು ಬಯಸಿದವನಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ.

ಮೊದಲೆಲ್ಲ ಮಾವನ ಟ್ರ್ಯಾಕ್ಟರಿನ ಒಂದು ನಟ್ಟು ಸಡಿಲವಾದರೂ ಕರೆ ಬರುತ್ತಿದ್ದುದು ದೊಡ್ಡಳಿಯನಿಗೇ. ಊಟಕ್ಕೆ ಕೂತಾಗ ಮಾವನ ಬಲಗಡೆ ಜಾಗವೂ ಅವನದೇ. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ಚಿಕ್ಕಳಿಯನಾಗಿ ಬಂದದ್ದೇ ಬಂದದ್ದು, ಕರೆಗಳು ಅತ್ತ ತಿರುಗಿದವು. ಚಿಕ್ಕಳಿಯ ಜಂಬ ಕೊಚ್ಚುವವನಾಗಿದ್ದರೆ ಎಷ್ಟೋ ವಾಸಿ. ಅವನು ಮಾತಾಡುವುದೇ ಕಡಿಮೆ, ನಗುವುದು ಜಾಸ್ತಿ. ಅದಕ್ಕೇ ದೊಡ್ಡಳಿಯನಿಗೆ ಇನ್ನಷ್ಟು ಉರಿ.

ಮಾವನದು ಬ್ಲೇಡ್ ಕಟ್ಟಿಕೊಂಡು ಮಣ್ಣು ಸಮ ಮಾಡುವ ಕೆಲಸ. ಟ್ರ್ಯಾಕ್ಟರಿನ ಹಿಂದೆ ಆ ಬ್ಲೇಡನ್ನು ಹಿಡಿಯುವುದು ಮೂರು ತೋಳು, ಕೆಳಗೆ ಎರಡು, ಮೇಲೆ ಒಂದು. ಮೇಲಿನದೇ ಟಾಪ್ ಲಿಂಕ್. ಅದನ್ನು ಉದ್ದ ಮಾಡಿದರೆ ಬ್ಲೇಡ್ ಹಿಂದಕ್ಕೆ ವಾಲುತ್ತದೆ, ಗಿಡ್ಡ ಮಾಡಿದರೆ ಮುಂದಕ್ಕೆ. ಪ್ರತಿ ಸಲ ಕೆಳಗಿಳಿದು ಕೈಯಲ್ಲೇ ತಿರುಪಬೇಕು. ಮಾವನ ಮಂಡಿಗೆ ಇಳಿಯುವುದೂ ಸಾಕಾಗಿತ್ತು, ಹತ್ತುವುದೂ ಸಾಕಾಗಿತ್ತು.

"ಸೀಟಲ್ಲೇ ಕೂತು ಲಿವರ್ ಎಳೆದ್ರೆ ಉದ್ದ-ಗಿಡ್ಡ ಆಗೋ ಹೈಡ್ರಾಲಿಕ್ ಟಾಪ್ ಲಿಂಕ್ ಮನೇಲೇ ಮಾಡ್ಬೋದಂತೆ. ಚಿಕ್ಕಳಿಯಂದ್ರು ಬರೋ ಭಾನುವಾರ ಬಂದು ನೋಡ್ತೀನಿ ಅಂದಿದಾರೆ" ಎಂದರು ಮಾವ, ದೊಡ್ಡಳಿಯನ ಎದುರಿಗೇ.

"ಅವರ್ಯಾಕೆ? ನಾನು ಸತ್ತಿದೀನಾ?" ಅನ್ನುವ ಮಾತು ಗಂಟಲವರೆಗೆ ಬಂತು. "ಅಷ್ಟರೊಳಗೆ ನಾನೇ ಮಾಡಿರ್ತೀನಿ ಮಾವ" ಎಂದ.

ಗುಜರಿ ಅಂಗಡಿಯಲ್ಲಿ ಹಳೇ ಲೋಡರಿನ ಸಿಲಿಂಡರ್ ಸಿಕ್ಕಿತು, ಎಣ್ಣೆಯ ಒತ್ತಡಕ್ಕೆ ರಾಡ್ ಹೊರಗೂ ಒಳಗೂ ಆಡುವಂಥದು. ರಾಡ್ ಕನ್ನಡಿಯಂತಿತ್ತು. ಇನ್ನು ಎರಡೂ ತುದಿಗೆ ಟ್ರ್ಯಾಕ್ಟರಿನ ಪಿನ್ ಕೂರುವ ಕಣ್ಣು ಬೆಸೆದರಾಯಿತು. ಆದರೆ ಬೆಸೆಯುವ ಮೊದಲು ಒಳಗಿನ ಪಿಸ್ಟನ್ ಹೊರಗೆ ತೆಗೆಯಬೇಕು. ಅದರ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಸೀಲ್ ಇರುತ್ತದೆ, ಕಾವು ತಗುಲಿದರೆ ಕರಗುತ್ತದೆ. ಪಿಸ್ಟನ್ ಬಿಚ್ಚದೆ ತಂದವರನ್ನು ಬಾಗಿಲಲ್ಲೇ ಬೈದು ಕಳಿಸುತ್ತಿದ್ದವನು ಇದೇ ದೊಡ್ಡಳಿಯ. ಈಗ ನೋಡಿದರೆ ಸಿಲಿಂಡರಿನ ಬಾಯಿಯ ನಟ್ಟು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಶನಿವಾರ ಸಂಜೆಯಾಗಿಹೋಗಿತ್ತು.

"ನಾಳೆ ಅವರು ಬಂದ್ಮೇಲೆ ಇಬ್ರೂ ಸೇರಿ ಬಿಚ್ಚಿ, ಏನು ಗಂಟು ಹೋಗುತ್ತೆ?" ಎಂದಳು ಹೆಂಡತಿ.

ಇಬ್ಬರೂ ಸೇರಿಯಂತೆ! ದೊಡ್ಡಳಿಯ ಸಿಲಿಂಡರಿಗೆ ಒದ್ದೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ, ಬೆಸೆದೇಬಿಟ್ಟ. ಸುಟ್ಟು ನೀಲಿಗಟ್ಟಿದ ಜಾಗಕ್ಕೆ ದಪ್ಪಗೆ ಕೆಂಪು ಬಣ್ಣ ಬಳಿದ.

ಭಾನುವಾರ ಮಾವನ ಅಂಗಳದಲ್ಲಿ ಎಲ್ಲರೂ ನೆರೆದರು. ಮಾವ ಸೀಟಿನಲ್ಲಿ ಕೂತು ಲಿವರ್ ಎಳೆದರು. ರಾಡ್ ಹೊರಗೆ ಬಂತು, ಒಳಗೆ ಹೋಯಿತು, ಬ್ಲೇಡ್ ಹೇಳಿದಂತೆ ಕೇಳಿತು. ಚಪ್ಪಾಳೆ ಬಿತ್ತು. ದೊಡ್ಡಳಿಯ ಎದೆಯುಬ್ಬಿಸಿ ಷಡ್ಡಕನ ಮುಖ ನೋಡಿದ. ಆ ಮುಖ ಎಂದಿನಂತೆ ನಗುತ್ತಿತ್ತು. ಮಾವ ಬ್ಲೇಡ್ ಎತ್ತಿ ನಿಲ್ಲಿಸಿ ಕೈ ಬಿಟ್ಟರು. ಎಲ್ಲರೂ ನೋಡುತ್ತಿದ್ದಂತೆಯೇ ಬ್ಲೇಡಿನ ಹಿಂಬದಿ ಮೆಲ್ಲಗೆ, ತೂಕಡಿಸುವವನ ತಲೆಯಂತೆ, ಕೆಳಗೆ ಜೋತುಬಿತ್ತು. ಮತ್ತೆ ಎತ್ತಿದರು, ಮತ್ತೆ ಜೋತಿತು. ದೊಡ್ಡಳಿಯ ಇಂಗು ತಿಂದ ಮಂಗನಂತೆ ನಿಂತ.

"ಬಿಚ್ಚೋಣ ಅಣ್ಣ" ಎಂದ ಚಿಕ್ಕಳಿಯ. ಡಿಪೋದಿಂದ ತಂದ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಒತ್ತಿದ. ದೊಡ್ಡಳಿಯನಿಗೆ ಬಗ್ಗದ ನಟ್ಟು ಇವನಿಗೆ ತಿರುಗಿತು. ನಟ್ಟಿಗೂ ಪಕ್ಷಪಾತ!

ಪಿಸ್ಟನ್ ಹೊರಬಂತು, ಜೊತೆಗೆ ಸುಟ್ಟ ರಬ್ಬರಿನ ವಾಸನೆ. ಸೀಲ್ ಕರಗಿ ಮುದ್ದೆಯಾಗಿತ್ತು. ಷಡ್ಡಕರಿಬ್ಬರೂ ಅದನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ದೊಡ್ಡಳಿಯ ಮಂಗಳಾರತಿಗೆ ಸಿದ್ಧನಾದ. ಚಿಕ್ಕಳಿಯ ಮುದ್ದೆಯನ್ನು ಮುಷ್ಟಿಯಲ್ಲಿ ಮುಚ್ಚಿ ಜೇಬಿಗಿಳಿಸಿದ.

"ಸೀಲ್ ಹಳೇದು ಮಾವ, ಗುಜರಿ ಮಾಲಲ್ವಾ. ಹೊಸದು ಹಾಕಿದ್ರೆ ಆಯ್ತು. ಕೆಲಸ ಮಾತ್ರ ಅಣ್ಣಂದು ಎ-ಒನ್."

ಬೇಕಾದೀತೆಂದು ಡಿಪೋದಿಂದ ತಂದಿದ್ದ ಸೀಲುಗಳಲ್ಲಿ ಅಳತೆಗೆ ಹೊಂದುವುದೊಂದು ಅವನ ಚೀಲದಲ್ಲೇ ಇತ್ತು. ಹಾಕಿ ಬಿಗಿದ ಮೇಲೆ ಬ್ಲೇಡ್ ಎತ್ತಿದಲ್ಲೇ ಕಲ್ಲಿನಂತೆ ನಿಂತಿತು.

ಊಟಕ್ಕೆ ಕೂತಾಗ ಮಾವ ದೊಡ್ಡಳಿಯನನ್ನು ಬಲಗಡೆ ಕೂರಿಸಿಕೊಂಡು, "ಇನ್ಮೇಲೆ ನನ್ನ ಮಂಡಿ ನಿಮ್ಮ ಹೆಸರು ಹೇಳ್ಕೊಂಡು ಬದುಕುತ್ತೆ" ಎಂದು ಬೆನ್ನು ತಟ್ಟಿದರು. ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೆ ಎದುರಿಗೆ ಷಡ್ಡಕ ಏನೂ ಗೊತ್ತಿಲ್ಲದವನಂತೆ ತಲೆ ತಗ್ಗಿಸಿ ಉಣ್ಣುತ್ತಿದ್ದ. ಬೈದಿದ್ದರೆ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಕೆಲಸದಲ್ಲಿ ಮೇಲಾದದ್ದು ಸಾಲದು ಅಂತ ಈಗ ಗುಣದಲ್ಲೂ ಮೇಲೆ ಹತ್ತಿ ಕೂತಿದ್ದಾನಲ್ಲ! ಅದೊಂದನ್ನು ಸಹಿಸುವುದು ದೊಡ್ಡಳಿಯನಿಂದ ಆಗಲಿಲ್ಲ.

"ಸೀಲ್ ಹಳೇದಲ್ಲ ಮಾವ" ಎಂದುಬಿಟ್ಟ ಜೋರಾಗಿ. "ಪಿಸ್ಟನ್ ಬಿಚ್ಚದೆ ಬೆಸೆದೆ. ನಾನೇ ಸುಟ್ಟಿದ್ದು. ಇವರಿಗೆ ಗೊತ್ತಿತ್ತು."

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ಹೇಳಿದ್ದು ಸತ್ಯದ ಮೇಲಿನ ಪ್ರೀತಿಗಲ್ಲ, ಷಡ್ಡಕನ ಋಣದಲ್ಲಿ ಒಂದು ಗಳಿಗೆಯೂ ಇರಲಾರದೆ. ಅದು ಗೊತ್ತಿದ್ದದ್ದು ದೊಡ್ಡಳಿಯನೊಬ್ಬನಿಗೇ. ಇನ್ನು ಮಾವ ತನ್ನನ್ನು ಬೈಯಲಿ, ಇಲ್ಲವೇ ಇಷ್ಟಾದರೂ ನಿಜ ಹೇಳಿದಿರಲ್ಲ ಎಂದು ಮೆಚ್ಚಲಿ, ಎರಡಕ್ಕೂ ತಯಾರಾಗಿ ಕೂತ.

ಮಾವನ ಕಣ್ಣು ತುಂಬಿಬಂತು. ಅವರು ದೊಡ್ಡಳಿಯನನ್ನು ಬಿಟ್ಟು ಎದುರಿಗೆ ನೋಡಿದರು.

"ಗೊತ್ತಿದ್ದೂ ಒಂದು ಮಾತು ಆಡ್ಲಿಲ್ವಲ್ರೀ ನೀವು!" ಎಂದರು ಚಿಕ್ಕಳಿಯನಿಗೆ. "ಎಂಥಾ ದೊಡ್ಡ ಮನಸ್ಸು ನಿಮ್ದು! ಬನ್ನಿ, ಈ ಕಡೆ ಬಂದು ಕೂತ್ಕೊಳ್ಳಿ."

ದೊಡ್ಡಳಿಯ ಸ್ವಲ್ಪ ಸರಿದು ಜಾಗ ಬಿಟ್ಟುಕೊಟ್ಟ.