ಮೇಲೆ ಬಾ ಎಂದದ್ದು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಯನ್ನು ಯಾರಾದರೂ ಶುರು ಮಾಡಿದರೆ ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು ನಾನು. ಜಿನ್ನುಗಳಿವೆ ಎಂದು ನಮ್ಮ ಧರ್ಮ ಹೇಳುತ್ತದೆ, ಇರಲಿ ಬಿಡಿ. ಆದರೆ ಅವಕ್ಕೆ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಏನು ಕೆಲಸ ಎನ್ನುವುದು ನನ್ನ ವಾದವಾಗಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಚಹಾ ಮಾಡಲು ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಎರಡು ಸಾವಿರದ ಹದಿನಾರನೇ ಇಸವಿ. ನಾವಾಗ ದಮ್ಮಾಮಿನಲ್ಲಿದ್ದೆವು. ನನ್ನವರು ಒಂದು ಆಯಿಲ್ ಸರ್ವಿಸ್ ಕಂಪನಿಯಲ್ಲಿದ್ದರು. ನಮ್ಮ ಕಟ್ಟಡದಲ್ಲಿ ಕರಾವಳಿಯ ಕುಟುಂಬಗಳೇ ಹೆಚ್ಚು. ವಾರಕ್ಕೊಮ್ಮೆ ಹೆಂಗಸರೆಲ್ಲ ಐದನೇ ಮಾಳಿಗೆಯ ಸಬೀಹಾ ಆಪಾ ಮನೆಯಲ್ಲಿ ಸೇರಿ ಧರ್ಮದ ವಿಷಯ ಓದಿ ಚರ್ಚೆ ಮಾಡುತ್ತಿದ್ದೆವು. ಕ್ಲಾಸ್ ಎಂದೇ ಅದಕ್ಕೆ ಹೆಸರು. ಒಬ್ಬರ ಮನೆಮಾತು ಬ್ಯಾರಿ, ಇನ್ನೊಬ್ಬರದು ನವಾಯತಿ, ನನ್ನಂಥವರದು ಉರ್ದು. ಹಾಗಾಗಿ ಆ ಅರಬರ ಊರಿನಲ್ಲಿ ಕುಳಿತು ನಾವು ಅಲ್ಲಾಹನ ವಿಷಯ ಕಲಿಯುತ್ತಿದ್ದದ್ದು ಕನ್ನಡದಲ್ಲಿ!

ಆ ವರ್ಷ ನನ್ನ ಮನಸ್ಸು ಸರಿ ಇರಲಿಲ್ಲ. ಅದಕ್ಕೆ ಕಾರಣ ನನ್ನ ಅಣ್ಣನ ಹೆಂಡತಿ, ಭಾಭಿ. ಎರಡು ವರ್ಷದ ಹಿಂದೆ ಉಡುಪಿಯಲ್ಲಿ ಅಮ್ಮಿ ಆಸ್ಪತ್ರೆ ಸೇರಿದಾಗ ಭಾಭಿ ನನಗೆ ನಿಜ ಹೇಳಲಿಲ್ಲ. ದಿನಾ ಫೋನ್ ಮಾಡುತ್ತಿದ್ದೆ. ಅಮ್ಮಿ ಮಲಗಿದ್ದಾರೆ, ಅಮ್ಮಿಗೆ ಸ್ವಲ್ಪ ಗ್ಯಾಸ್ಟ್ರಿಕ್, ನಾಳೆ ಮಾತಾಡಿಸುತ್ತೇನೆ ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ. ನಾನು ವಿಮಾನದಿಂದ ಇಳಿಯುವಷ್ಟರಲ್ಲಿ ದಫನ್ ಮುಗಿದಿತ್ತು. ಹೆತ್ತವಳ ಮುಖ ಕೊನೆಗೊಮ್ಮೆ ನೋಡದೆ ಹೋದ ಸಂಕಟ ಏನೆಂದು ಗಲ್ಫಿನಲ್ಲಿ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಭಾಭಿಯ ಜೊತೆ ಮಾತು ಬಿಟ್ಟೆ.

ಭಾಭಿ ಪುತ್ತೂರಿನ ಬ್ಯಾರಿ ಮನೆಯವರು. ಮದುವೆಯಾಗಿ ಬಂದಾಗ ಅವರಿಗೆ ಉರ್ದು ಗೊತ್ತಿರಲಿಲ್ಲ, ನನಗೆ ಬ್ಯಾರಿ ಬಾರದು, ಹಾಗಾಗಿ ನಮ್ಮಿಬ್ಬರ ಮಾತೆಲ್ಲ ಕನ್ನಡದಲ್ಲೇ. ನಮ್ಮಲ್ಲಿ ಹಜ್ಜಿಗೋ ದೂರದ ಊರಿಗೋ ಹೊರಟವರು ಎಲ್ಲರ ಹತ್ತಿರ "ಕಹಾ-ಸುನಾ ಮಾಫ್ ಕರ್ನಾ" ಎಂದು ಕೇಳಿಕೊಳ್ಳುತ್ತಾರೆ. ಹೇಳಿದ್ದು, ಕೇಳಿದ್ದು ಏನೇ ಇದ್ದರೂ ಮನ್ನಿಸಿ ಎಂದರ್ಥ. ಅಮ್ಮಿಯ ಬಾಯಿಂದ ಭಾಭಿ ಕಲಿತ ಮೊದಲ ಉರ್ದು ವಾಕ್ಯ ಅದು. ಆದರೆ ಅವರ ಕಿವಿಗೆ ಅದು ಬಿದ್ದದ್ದು "ಕಾಸುನಾ ಮಾಪ್ ಕರ್ನಾ" ಎಂದು. ಕಾಸುನಾ ಎನ್ನುವುದು ಅರಬಿಯ ಯಾವುದೋ ದೊಡ್ಡ ಶಬ್ದ ಎಂದೇ ಅವರು ತಿಳಿದಿದ್ದರು. ತಿದ್ದಿ ತಿದ್ದಿ ನಮಗೇ ಸಾಕಾಯಿತು. ಆ ಮಾತು ಹಿಡಿದು ನಾವು ಅವರನ್ನು ಎಷ್ಟು ಗೇಲಿ ಮಾಡಿದ್ದೇವೋ ಲೆಕ್ಕವಿಲ್ಲ.

ಅಮ್ಮಿ ಹೋದ ಮೂರನೇ ದಿನ ಭಾಭಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಮಾತಿನಲ್ಲಿ ಕ್ಷಮೆ ಕೇಳಿದರು. ನಾನು ಬಾವಿಯ ಕಡೆಗೆ ಹೊರಟುಹೋದೆ. ಎರಡನೇ ಸಲ, ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುವ ಶಬೇ ಬರಾತಿನ ದಿನ, ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ "ನನ್ನಿಂದ ತಪ್ಪಾಗಿದ್ದರೆ ಮಾಫ್ ಮಾಡಿ" ಎಂದು ಬಂತು. ಊರಿಗೆಲ್ಲ ಕಳಿಸಿದ ಹೂವು ನನಗೂ ಬಂದಿದೆ ಎಂದುಕೊಂಡು ಅಳಿಸಿಹಾಕಿದೆ.

ಆಮೇಲೆ ಮುಹರ್ರಮ್ ಬಂತು. ಭಾಭಿಯ ಹೊಟ್ಟೆಯಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು ಎಂದು ಅಣ್ಣ, ನಮ್ಮ ಭಾಯಿ, ಫೋನಿನಲ್ಲಿ ಹೇಳಿದ. ಆ ತಿಂಗಳ ಹತ್ತನೇ ದಿನ ಆಶೂರಾ, ಅದರ ಮಾರನೆಯ ಬೆಳಿಗ್ಗೆಯೇ ಆಪರೇಷನ್. "ಒಂದು ಮಾತು ಹೇಳು ಮುನ್ನಿ, ಅವಳು ಹೆದರಿದ್ದಾಳೆ" ಎಂದ. ನೋಡುವ ಎಂದು ಹೇಳಿ ಫೋನ್ ಇಟ್ಟೆ. ಹೆದರಿಕೆ ನನಗೂ ಇತ್ತು. ಕ್ಷಮಿಸಿದೆ ಎಂದು ಬಾಯಿಯಲ್ಲಿ ಹೇಳುವುದು ಕಷ್ಟವಲ್ಲ, ಮನಸ್ಸಿಗೆ ಬಾರದ್ದನ್ನು ಹೇಳಿದರೆ ಅದು ಅಮ್ಮಿಗೆ ಮಾಡಿದ ಮೋಸ ಎನಿಸುತ್ತಿತ್ತು. ಹೇಳದೆ ಇದ್ದು ಆಪರೇಷನ್ನಿನಲ್ಲಿ ಏನಾದರೂ ಆಗಿಬಿಟ್ಟರೆ? ಹೀಗೆ ಯೋಚಿಸುತ್ತ ಆಶೂರಾದ ಉಪವಾಸ ಹಿಡಿದೇ ಮಧ್ಯಾಹ್ನದ ಮೇಲೆ ಕ್ಲಾಸಿಗೆ ಹೋದೆ. ಫೋನು ಮನೆಯಲ್ಲೇ ಚಾರ್ಜಿಗಿತ್ತು. ನನ್ನವರು ಅದರ ಪಕ್ಕದ ಸೋಫಾದಲ್ಲಿ ಮಲಗಿ ಟಿವಿ ನೋಡುತ್ತಿದ್ದರು.

ಅವತ್ತಿನ ಪಾಠ ಆಶೂರಾದ್ದೇ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆ ದಿನ ಉಪವಾಸವಿದ್ದರು, ಮೂಸಾ ನಬಿಯ ನೆನಪಿಗೆ ಎಂದರು, ಹಾಗಾಗಿ ಪ್ರವಾದಿಯವರೂ ಹಿಡಿದರು ಎನ್ನುವುದು ನಮಗೆಲ್ಲ ಗೊತ್ತಿರುವ ವಿಷಯ. ಆದರೆ ನಸ್ರೀನ್ ಇನ್ನೊಂದಿಷ್ಟು ಓದಿಕೊಂಡು ಬಂದಿದ್ದಳು. ಭಟ್ಕಳದ ಹುಡುಗಿ, ಇಂಡಿಯನ್ ಸ್ಕೂಲಿನಲ್ಲಿ ಟೀಚರು. ಯಹೂದಿಗಳಿಗೂ ಅವರ ತಿಂಗಳ ಹತ್ತನೇ ದಿನ ಪ್ರಾಯಶ್ಚಿತ್ತದ ದೊಡ್ಡ ಉಪವಾಸ, ಈ ವರ್ಷ ಅದೂ ಇದೇ ವಾರ ಬಂದಿದೆ ಎಂದಳು.

"ಅವರದ್ದು ನಮಗೆ ಎಂತಕ್ಕೆ ಮಾರಾಯ್ತಿ?" ಎಂದು ಒಬ್ಬರು ಗೊಣಗಿದರು.

"ಈ ನೋಂಬಿನ ಕಥೆ ಶುರುವಾಗುವುದೇ ಅವರಿಂದ ಅಲ್ವಾ? ಕೇಳುವ, ಹೇಳಲಿ" ಎಂದರು ಸಬೀಹಾ ಆಪಾ.

ನಸ್ರೀನ್ ಹೇಳಿದಳು. ಆ ದಿನ ಅವರು ನೀರೂ ಕುಡಿಯದೆ ಎಲ್ಲರೂ ಒಟ್ಟಿಗೆ ಸೇರುತ್ತಾರಂತೆ. ಓದುತ್ತಾರೆ, ತಮ್ಮನ್ನು ತಾವೇ ವಿಚಾರಿಸಿಕೊಳ್ಳುತ್ತಾರೆ. ತಪ್ಪು ಒಪ್ಪಿಕೊಳ್ಳುವಾಗ ನಾನು ಎನ್ನುವುದಿಲ್ಲ, ನಾವು ಎನ್ನುತ್ತಾರೆ. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಅಲ್ಲಿಯವರೆಗೆ ನಮ್ಮಲ್ಲಿ ಹೇಳುವ ಮಾತೇ ಅದು, ಎಲ್ಲರೂ ತಲೆದೂಗಿದೆವು. ಆದರೆ ಅವಳು ನಿಲ್ಲಿಸಲಿಲ್ಲ. "ಮೂರು ಸಲ ಹೋಗಿ ಕೇಳಬೇಕಂತೆ. ಮೂರು ಸಲವೂ ಆಗುದಿಲ್ಲ ಅಂದರೆ ಕೇಳಿದವರು ಬಚಾವ್. ತಪ್ಪು ಆಗುದಿಲ್ಲ ಅಂದವರ ತಲೆ ಮೇಲೆ!"

ಎಲ್ಲರೂ ನಕ್ಕರು. ಎರಡು ಸಲ ಆಗಿದೆ, ಇನ್ನೊಂದು ಉಳಿದಿದೆ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಯಾರದೋ ಧರ್ಮದ ನಿಯಮ, ನನಗೇಕೆ ಎಂದು ಸಮಾಧಾನ ಹೇಳಿಕೊಂಡರೂ ಆ ಲೆಕ್ಕ ತಲೆಯಿಂದ ಹೋಗಲಿಲ್ಲ.

ಸಬೀಹಾ ಆಪಾ ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಮಗ್ರಿಬ್ ಬಾಂಗ್ ಆಗಿ ಉಪವಾಸ ಬಿಡುವುದರೊಳಗೆ ಪ್ರತಿಯೊಬ್ಬರೂ ಒಬ್ಬರ ಹತ್ತಿರವಾದರೂ ಮಾಫ್ ಕೇಳಬೇಕು ಎಂದರು. ಹೆಂಗಸರು ಕಲಕಲ ಶುರು ಮಾಡಿದರು. ನಿಮ್ಮ ಮಿಕ್ಸಿಯ ಜಾರು ಒಡೆದದ್ದು ನಾನೇ ಎಂದು ಒಬ್ಬರು, ನಿಮ್ಮ ಬಿರಿಯಾನಿಗೆ ಉಪ್ಪಿಲ್ಲ ಎಂದು ಊರೆಲ್ಲ ಹೇಳಿದ್ದು ನಾನೇ ಎಂದು ಇನ್ನೊಬ್ಬರು. ನನಗೆ ಅಲ್ಲಿ ಕೂರಲಾಗಲಿಲ್ಲ. ಖರ್ಜೂರ ಹಂಚಿಡುತ್ತೇನೆ ಎಂದು ಹೊರಬಾಗಿಲಿನ ಪಕ್ಕದ ಪ್ಯಾಸೇಜಿಗೆ ಬಂದೆ. ಅಲ್ಲಿ ಗೋಡೆಯ ಮೇಲೆ ಇಂಟರ್‌ಕಾಮ್ ಇತ್ತು. ಕೆಳಗೆ ಬೀದಿಬಾಗಿಲಿನಲ್ಲಿ ಗುಂಡಿ ಒತ್ತಿದರೆ ಇಲ್ಲಿ ರಿಂಗಾಗುತ್ತದೆ.

ಅದು ರಿಂಗಾಯಿತು. ಎತ್ತಿಕೊಂಡೆ.

"ಮುನ್ನಿ," ಎಂದಿತು ಹೆಣ್ಣುದನಿ. "ಕಾಸುನಾ ಮಾಪ್ ಕರ್ನಾ."

ಮೊದಲು ಬಂದದ್ದು ಸಿಟ್ಟು. ಇದು ನಸ್ರೀನಳದೇ ಕಿತಾಪತಿ ಎಂದುಕೊಂಡೆ. ಭಾಭಿಯ ಈ ಮಾತನ್ನು ಹಿಂದೊಮ್ಮೆ ನಾನೇ ಕ್ಲಾಸಿನಲ್ಲಿ ಹೇಳಿ ನಗಿಸಿದ್ದೆ. ಇಫ್ತಾರಿಗೆ ಲಬನ್ ಮಜ್ಜಿಗೆಯ ಬಾಟಲಿ ತರಲು ಕೆಳಗೆ ಹೋಗಿರಬೇಕು, ಅಲ್ಲಿಂದಲೇ ನನ್ನನ್ನು ಗೇಲಿ ಮಾಡುತ್ತಿದ್ದಾಳೆ ಎನಿಸಿತು. "ಆಯ್ತು ಮಾರಾಯ್ತಿ, ಮಾಫ್. ಮೇಲೆ ಬಾ" ಎಂದು ಬಾಗಿಲು ತೆರೆಯುವ ಗುಂಡಿ ಒತ್ತಿ ಇಟ್ಟುಬಿಟ್ಟೆ.

ಯಾರೂ ಬರಲಿಲ್ಲ. ಲಿಫ್ಟಿನ ಸದ್ದೂ ಇಲ್ಲ. ಅಡುಗೆಮನೆಗೆ ಇಣುಕಿದರೆ ನಸ್ರೀನ್ ಒಲೆಯ ಮುಂದೆ ನಿಂತಿದ್ದಳು.

"ನೀನು ಯಾವಾಗ ಮೇಲೆ ಬಂದದ್ದು?" ಎಂದೆ.

"ನಾನು ಕೆಳಗೆ ಹೋದದ್ದು ಯಾವಾಗ? ಸಮೋಸ ಕರಿಯುತ್ತಾ ಇದ್ದೇನಲ್ಲ, ಕಾಣುದಿಲ್ವಾ?" ಎಂದಳು.

ಕೈಯಲ್ಲಿದ್ದ ಖರ್ಜೂರದ ತಟ್ಟೆಯನ್ನು ಅಲ್ಲೇ ಇಟ್ಟೆ. ಒಳಗಿದ್ದವರನ್ನೆಲ್ಲ ಎಣಿಸಿದೆ. ಬಂದವರಲ್ಲಿ ಯಾರೂ ಹೊರಗೆ ಹೋಗಿರಲಿಲ್ಲ. ಉಪವಾಸ, ಸೆಕೆ, ತಲೆನೋವು, ಬೆಳಿಗ್ಗೆಯಿಂದ ಅದನ್ನೇ ಯೋಚಿಸಿದ್ದರ ಫಲ ಎಂದು ನನಗೆ ನಾನೇ ಹೇಳಿಕೊಂಡೆ. ನೀವೂ ಈಗ ಅದನ್ನೇ ಹೇಳುತ್ತಿರಬಹುದು. ಅಷ್ಟೇ ಆಗಿದ್ದರೆ ನಾನೂ ಒಪ್ಪುತ್ತಿದ್ದೆ.

ಬಾಂಗ್ ಆಯಿತು. ಒಂದು ಖರ್ಜೂರ ತಿಂದು ಉಪವಾಸ ಬಿಟ್ಟೆ. ನಮಾಜು ಮುಗಿಸಿ ಮನೆಗೆ ಬರುವಷ್ಟರಲ್ಲಿ ಫೋನ್ ರಿಂಗಾಗುತ್ತಿತ್ತು. ಭಾಯಿ. ಕೆಟ್ಟ ಸುದ್ದಿಯೇ ಎಂದುಕೊಂಡು ಎತ್ತಿದೆ. ಆದರೆ ಅವನ ದನಿಯಲ್ಲಿ ಖುಷಿಯಿತ್ತು.

"ಒಳ್ಳೆಯ ಕೆಲಸ ಮಾಡಿದೆ ಮುನ್ನಿ. ನಾನು ಮಾತ್ರೆ ತರಲಿಕ್ಕೆ ವಾರ್ಡಿನಿಂದ ಕೆಳಗೆ ಹೋಗಿದ್ದೆ, ಬಂದು ನೋಡಿದರೆ ಇವಳು ನಿನ್ನ ಹತ್ತಿರ ಮಾತಾಡ್ತಾ ಇದ್ದಾಳೆ. ಈಗ ಆರಾಮ ಇದ್ದಾಳೆ, ಗಂಜಿಯೂ ಕುಡಿದಳು. ಕೊಡ್ತೇನೆ, ಇರು."

ನಾನು ಬಾಯಿ ತೆರೆಯುವ ಮೊದಲೇ ಭಾಭಿ ಬಂದರು. ಎರಡು ವರ್ಷದ ಮೇಲೆ ಕೇಳಿದ ದನಿ. ಸಂಜೆ ಕೇಳಿದ್ದೂ ಅದೇ.

"ಒಂದೇ ಒಂದು ಕೇಳ್ತೇನೆ ಮುನ್ನಿ, ಬೇಜಾರು ಮಾಡಬೇಡ," ಎಂದರು. "ಮಾಫ್ ಅಂದೆ, ಸರಿ. ಮೇಲೆ ಬಾ ಅಂದೆಯಲ್ಲ, ಅದು ಎಂತ? ನಾಳೆ ಆಪರೇಷನ್ ಇರುವವಳಿಗೆ ಮೇಲೆ ಬಾ ಅಂದರೆ ಹೆದರಿಕೆ ಆಗುದಿಲ್ವಾ?"

ಪಕ್ಕದ ಸೋಫಾದಿಂದ ನನ್ನವರು ಸನ್ನೆಯಲ್ಲೇ ಏನೆಂದು ಕೇಳಿದರು. ಸಂಜೆ ಫೋನ್ ಬಂದಿತ್ತೇ ಎಂದು ಕೈಯಿಂದಲೇ ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

ಆಗ ನಾನು ನಿಜ ಹೇಳಬಹುದಿತ್ತು. ಭಾಭಿ, ಆ ಮಾತು ನಿಮಗೆ ಹೇಳಿದ್ದಲ್ಲ, ಯಾರೋ ತಮಾಷೆ ಮಾಡುತ್ತಿದ್ದಾರೆಂದು ಹೇಳಿದ್ದು ಎನ್ನಬಹುದಿತ್ತು. ಆದರೆ ಆ ಹೆಂಗಸು ಗಂಜಿ ಕುಡಿದಿದ್ದರು. ನನಗೆ ಅಳು ಬಂತು.

"ನೀವು ಅರ್ಧ ಕೇಳಿದ್ದು ಭಾಭಿ," ಎಂದೆ. "ಗುಣ ಆದ ಮೇಲೆ ಬಾ ಅಂದದ್ದು ನಾನು. ಗುಣ ಆದ ಮೇಲೆ ಇಲ್ಲಿಗೆ ಬನ್ನಿ, ಒಟ್ಟಿಗೆ ಮಕ್ಕಾಕ್ಕೆ ಹೋಗಿ ಉಮ್ರಾ ಮಾಡುವ."

ಭಾಭಿ ನಕ್ಕರು. ಹಾಗೆ ಅವರು ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು! ಆ ಕ್ಷಣ ನಾನು ಅವರನ್ನು ನಿಜವಾಗಿಯೂ ಕ್ಷಮಿಸಿದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಮಾಫ್ ಅಂದ ಮೇಲೆ ನೀನು ಸುಮ್ಮನೆ ಕೇಳ್ತಾ ಕೂತೆಯಲ್ಲ, ಅದೇ ದೊಡ್ಡದು. ಮಧ್ಯೆ ಒಂದು ಮಾತು ಆಡಲಿಲ್ಲ, ಹೂಂ ಹೂಂ ಅಂತ ಕೇಳಿದೆ. ನಿನಗೆ ಹೇಳಬೇಡ ಅಂತ ಅಮ್ಮಿಯೇ ಆಣೆ ಹಾಕಿಸಿದ್ದು, ಯಾಕೆ ಹಾಕಿಸಿದ್ದು, ಕೊನೆಗೆ ನಿನಗೆ ಹೇಳು ಅಂತ ಹೇಳಿದ್ದು, ಎಲ್ಲ ಹೇಳಿ ಆಯ್ತು. ಎದೆ ಖಾಲಿ ಆಯ್ತು ನೋಡು."

"ಇನ್ನೊಂದು ಸಲ ಹೇಳಿ ಭಾಭಿ," ಎಂದೆ.

"ಇವತ್ತು ಬೇಡಮ್ಮ, ನರ್ಸ್ ಬೈತಾಳೆ. ಒಂದು ಸಲ ಹೇಳುವುದಕ್ಕೇ ಎರಡು ವರ್ಷ ಬೇಕಾಯ್ತು. ಗುಣ ಆದ ಮೇಲೆ ಹೇಳ್ತೇನೆ."

ಮಾರನೆಯ ದಿನ ಆಪರೇಷನ್ ಆಯಿತು. ಭಾಭಿಗೆ ಮತ್ತೆ ಎಚ್ಚರ ಬರಲಿಲ್ಲ.

ಊರಿಗೆ ಹೋದಾಗ ಭಾಯಿಯನ್ನು ಕೂರಿಸಿ ಕೇಳಿದೆ. ಭಾಭಿಯ ಫೋನಿನಿಂದ ನನ್ನ ನಂಬರಿಗೇ ಕರೆ ಹೋಗಿತ್ತು, ಸುಮಾರು ಹೊತ್ತು ಮಾತೂ ಆಗಿತ್ತು. ನನ್ನ ಫೋನಿನಲ್ಲಿ ಅದರ ಗುರುತೇ ಇಲ್ಲ. ಫೋನ್ ಕಂಪನಿಯ ಗೊಂದಲ ಎಂದು ಭಾಯಿ ಹೇಳುತ್ತಾನೆ. ಆಸ್ಪತ್ರೆಯಿಂದ ಮಾಡಿದ ಕರೆ ದಮ್ಮಾಮಿನ ಕಟ್ಟಡದ ಇಂಟರ್‌ಕಾಮಿಗೆ ಹೇಗೆ ಹೋಗುತ್ತದೆ ಎಂದು ಕೇಳಿದರೆ ಮತ್ತೆ ಅದನ್ನೇ ಹೇಳುತ್ತಾನೆ. ಅಮ್ಮಿ ಆಣೆ ಹಾಕಿಸಿದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಅದು ಅತ್ತೆ ಸೊಸೆಯ ನಡುವೆ ನಡೆದ ಮಾತು. ಈಗ ಇಬ್ಬರೂ ಇಲ್ಲ.

ಜಿನ್ನೋ, ಭ್ರಮೆಯೋ, ತಂತಿಯ ದೋಷವೋ, ನಾನು ತೀರ್ಮಾನ ಹೇಳಲಾರೆ. ಒಂದು ಮಾತ್ರ ಗೊತ್ತು. ಇಂಟರ್‌ಕಾಮನ್ನು ನಾನು ಎತ್ತಿ ಇಟ್ಟದ್ದು ಒಂದು ಉಸಿರಿನ ಹೊತ್ತು. ಆಮೇಲೆ ಭಾಭಿ ಹೇಳಿದ್ದನ್ನೆಲ್ಲ ಯಾರೋ ಹೂಂಗುಟ್ಟುತ್ತ ಕೇಳಿಸಿಕೊಂಡಿದ್ದಾರೆ. ನನಗೆಂದು ಅಮ್ಮಿ ಹೇಳಿಕಳಿಸಿದ ಕೊನೆಯ ಮಾತು ಆ ಕೇಳಿಸಿಕೊಂಡವರಿಗೆ ಗೊತ್ತು, ನನಗೆ ಗೊತ್ತಿಲ್ಲ. ನಾನಾಗಿದ್ದರೆ ಮಧ್ಯೆ ನೂರು ಸಲ ಬಾಯಿ ಹಾಕಿ ಜಗಳ ತೆಗೆಯುತ್ತಿದ್ದೆ, ಭಾಭಿಗೆ ಅಷ್ಟು ಹೇಳಲು ಆಗುತ್ತಿತ್ತೋ ಇಲ್ಲವೋ. ಆದರೂ ಅದು ನನ್ನ ಅಮ್ಮಿಯ ಮಾತಲ್ಲವೇ, ನನಗೆ ಬರಬೇಕಾಗಿತ್ತು.