ಬೀಗ ತೆಗೆಸಿದ ಲೈಬ್ರರಿಯನ್ನರು

ಬಿ.ಎ. ಆದ ಮೇಲೆ ಮದರಾಸಿಗೆ ಹೋಗಿ, ಗ್ರಂಥಾಲಯ ನಡೆಸುವುದನ್ನೇ ಓದಿ ಡಿಪ್ಲೊಮಾ ತಂದಿದ್ದರು ನಮ್ಮ ಶಿವಮೊಗ್ಗದ ಲೈಬ್ರರಿಯನ್ನರು. ಮಾತಾಡುತ್ತಲೇ ಪುಸ್ತಕಗಳ ಬೆನ್ನು ಸವರುವರು. "ಓದೋರೇ ಬಂದು ಹುಡುಕ್ಲಿ ಮಾರಾಯ" ಎನ್ನುವರು. ಕೆಲಸಕ್ಕೆ ಬಂದವರೇ ಬೀರುಗಳ ಬೀಗ ತೆಗೆಸಿದರು. ಒಂದು ಪುಸ್ತಕ ಕಾಣೆಯಾಯಿತು.

"ಪುಸ್ತಕ ಕಾಯೋಕೆ ಡಿಪ್ಲೊಮಾ ಯಾಕ್ರೀ?" ಎಂದ ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಅವರನ್ನು ಕೆಲಸದಿಂದ ಬಿಡಿಸಿ, ಬೀರುಗಳಿಗೆ ಮತ್ತೆ ಬೀಗ ಹಾಕಿಸಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಮನೆಗೆ ಹೋದರು.

ಆಮೇಲೆ ನಾನು ಲೈಬ್ರರಿಯನ್ನರನ್ನು ನೋಡಿದ್ದು ಭದ್ರಾವತಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ. ನಟ್ಟು ಬೋಲ್ಟುಗಳನ್ನು ಪುಸ್ತಕಗಳ ಹಾಗೆಯೇ ವಿಂಗಡಿಸಿ, ಬಾಗಿಲಿಲ್ಲದ ಕಪಾಟುಗಳಲ್ಲಿ ಇಟ್ಟಿದ್ದರು. ಅಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು.

"ಇಲ್ಲಿ ಒಂದು ಬೋಲ್ಟು ಸಿಗದಿದ್ರೆ ಕೆಲಸ ನಿಲ್ಲುತ್ತೆ" ಎಂದರು, ಡಬ್ಬಿಗಳ ಅಂಚು ಸವರುತ್ತ. "ಅಲ್ಲಿ ಪುಸ್ತಕ ಸಿಗದೆ ಏನು ನಿಂತಿತ್ತು, ಮಾರಾಯ?"